ವಯಸ್ಸು ಬರೀ ನಂಬರ್ ಅಲ್ಲ, ದಾರಾ ಮೇಡಂ

ನಮ್ಮ ಪೂಲಿನ ಬೆಳಗಿನ ಆರರ ಬ್ಯಾಚಿನಲ್ಲಿ ಒಂದು ಪುಸ್ತಕ ಕೈಯಿಂದ ಕೈಗೆ ಓಡಾಡ್ತಿದೆ. ದಾರಾ ಟೊರೆಸ್ ಅವರ ‘ಏಜ್ ಈಸ್ ಜಸ್ಟ್ ಎ ನಂಬರ್’. ಎಲಿಜಬೆತ್ ವೀಲ್ ಜೊತೆ ಸೇರಿ ಬರೆದದ್ದು, 2009ರಲ್ಲಿ ಬಂದದ್ದು. ಮೂವತ್ತೈದು ದಾಟಿದ ಮೇಲೆ ಮತ್ತೆ ಈಜಲು ಶುರು ಮಾಡಿದವರಿಗೆ ಇದು ಒಂಥರಾ ಧರ್ಮಗ್ರಂಥ. ಓದಿ ಮುಗಿಸಿದವರು ಮರುದಿನವೇ ಕೋಚ್ ಹತ್ರ ಹೋಗಿ ‘ಸರ್, ಇನ್ಮೇಲೆ ವಾರಕ್ಕೆ ಆರು ದಿನ ಬರ್ತೀನಿ, ಯಾವ ಮೀಟ್ ಇದ್ರೂ ಹೆಸರು ಕೊಡಿ’ ಅಂತಾರೆ. ನನ್ನ ತಕರಾರು ಇರೋದು ಇಲ್ಲೇ. ಪುಸ್ತಕ ಚೆನ್ನಾಗಿದೆ. ಆದರೆ ಅದರ ಹೆಸರಿಗೂ ಒಳಗಿರೋದಕ್ಕೂ ತಾಳಮೇಳ ಇಲ್ಲ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಟೊರೆಸ್ 1984, 1988, 1992, 2000ರ ಒಲಿಂಪಿಕ್ಸ್‌ಗಳಲ್ಲಿ ಈಜಿದವರು. ಆಮೇಲೆ ಬಿಟ್ಟರು. 2006ರಲ್ಲಿ ಮಗಳು ಹುಟ್ಟಿದಳು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ವಿಶ್ವ ಮಾಸ್ಟರ್ಸ್‌ನಲ್ಲಿ ನೀರಿಗಿಳಿದರು. ಎರಡು ವರ್ಷ ಬಿಟ್ಟು, 41ರ ವಯಸ್ಸಿನಲ್ಲಿ, ಬೀಜಿಂಗ್‌ನಲ್ಲಿ ಮೂರು ಬೆಳ್ಳಿ. 50 ಮೀಟರ್ ಫ್ರೀಸ್ಟೈಲಿನಲ್ಲಿ ಜರ್ಮನಿಯ ಬ್ರಿಟಾ ಸ್ಟೆಫೆನ್ 24.06, ಇವರು 24.07. ತಂದೆಯ ಕ್ಯಾನ್ಸರ್, ಒಲಿಂಪಿಕ್ಸ್‌ಗೆ ಮೊದಲೇ ಕೋಚ್ ಮೈಕಲ್ ಲೋಬರ್ಗ್ ಗಂಭೀರ ರಕ್ತದ ಕಾಯಿಲೆಯಿಂದ ಮಲಗಿದ್ದು, ಇವೆಲ್ಲ ಪುಸ್ತಕದ ಗಟ್ಟಿ ಭಾಗಗಳು. ಅಲ್ಲಿ ಬಡಾಯಿ ಕಡಿಮೆ, ಭಯ ಜಾಸ್ತಿ. ಅದಕ್ಕೇ ನಂಬಿಕೆ ಬರುತ್ತೆ.

ಈಗ ಅವರ ತರಬೇತಿಯನ್ನು ನೋಡಿ. ಹರೆಯದಲ್ಲಿ ವಾರಕ್ಕೆ ಹತ್ತು ಸಲಕ್ಕಿಂತ ಜಾಸ್ತಿ ನೀರಿಗಿಳಿಯೋದು ಅಲ್ಲಿನ ದೊಡ್ಡ ಈಜುಗಾರರಿಗೆ ಮಾಮೂಲು. ಬೀಜಿಂಗ್‌ಗೆ ತಯಾರಾಗುವಾಗ ಟೊರೆಸ್ ಇಳಿದದ್ದು ಅದರ ಅರ್ಧದಷ್ಟು, ವಾರಕ್ಕೆ ಐದು ಸಲ. ಮಿಕ್ಕ ಸಮಯ ಜಿಮ್ಮು, ಸ್ಟ್ರೆಚಿಂಗ್, ಮಸಾಜು, ಚೇತರಿಕೆ. ಟ್ರಯಲ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಗೆದ್ದರೂ ಒಲಿಂಪಿಕ್ಸ್‌ನಲ್ಲಿ ಆ ವೈಯಕ್ತಿಕ ಸ್ಪರ್ಧೆಯನ್ನು ಬಿಟ್ಟುಕೊಟ್ಟು 50ರ ಮೇಲೆ ಗಮನ ಇಟ್ಟರು. ಇದೆಲ್ಲ ಯಾಕೆ? ದೇಹಕ್ಕೆ ನಲವತ್ತಾಗಿತ್ತು, ಅದಕ್ಕೆ. ಅವರು ಗೆದ್ದದ್ದು ವಯಸ್ಸನ್ನು ಲೆಕ್ಕಕ್ಕೆ ತಗೊಂಡು, ಅದೂ ಬಹಳ ಕಟ್ಟುನಿಟ್ಟಾಗಿ. ಆದರೆ ರಕ್ಷಾಪುಟ ಹೇಳೋದು ವಯಸ್ಸು ಲೆಕ್ಕಕ್ಕೇ ಇಲ್ಲ ಅಂತ.

ಇನ್ನೊಂದು ಲೆಕ್ಕವೂ ಇದೆ. ಕೋಚುಗಳು, ಸ್ಟ್ರೆಚಿಂಗ್ ಮಾಡಿಸೋಕೇ ಇಬ್ಬರು, ಮಸಾಜಿನವರು, ಮಗು ನೋಡಿಕೊಳ್ಳೋಕೆ ಆಯಾ. ಇವರಿಗೆಲ್ಲ ವರ್ಷಕ್ಕೆ ಸುಮಾರು ಒಂದು ಲಕ್ಷ ಡಾಲರ್ ಖರ್ಚಾಗ್ತಿತ್ತು ಅಂತ ಆಗಲೇ ಅಮೆರಿಕದ ಪತ್ರಿಕೆಗಳಲ್ಲಿ ಬಂದಿತ್ತು. ನಮಗಾದರೆ ಔಟರ್ ರಿಂಗ್ ರೋಡ್ ಟ್ರಾಫಿಕ್ಕಿಗೆ ಮುಂಚೆ ಸಿಗುವ ಒಂದು ಗಂಟೆಯ ಬ್ಯಾಚು, ಅದರಲ್ಲೂ ಹತ್ತು ನಿಮಿಷ ಲೇನಿಗಾಗಿ ಕಾಯೋದು.

ನನಗೆ ತಮಾಷೆ ಅನಿಸೋದೇನಂದ್ರೆ, ಟೊರೆಸ್ ಮತ್ತೆ ಸ್ಪರ್ಧೆಗೆ ಬಂದ ಬಾಗಿಲಾದ ಮಾಸ್ಟರ್ಸ್ ಈಜು ನಿಂತಿರೋದೇ ವಯಸ್ಸಿನ ಮೇಲೆ. ಅಮೆರಿಕದಲ್ಲಿ ಇದನ್ನು ಶುರು ಮಾಡಿದವರಲ್ಲಿ ಒಬ್ಬರು ನೌಕಾಪಡೆಯ ವೈದ್ಯ ರಾನ್ಸಮ್ ಆರ್ಥರ್. 1970ರಲ್ಲಿ ಟೆಕ್ಸಸ್‌ನ ಅಮರಿಲ್ಲೊದಲ್ಲಿ ಮೊದಲ ರಾಷ್ಟ್ರೀಯ ಮೀಟ್ ನಡೀತು. ವೈದ್ಯರ ಆಲೋಚನೆ ಸರಳ: ಮುಂದೆ ಒಂದು ಮೀಟ್ ಇದೆ ಅಂದ್ರೆ ಜನ ಈಜೋದು ಬಿಡಲ್ಲ, ಆರೋಗ್ಯ ಉಳಿಯುತ್ತೆ. ಅಂದ್ರೆ ಮೀಟ್ ಇರೋದು ತರಬೇತಿಗೋಸ್ಕರ. ನಾವು ಅದನ್ನು ತಲೆಕೆಳಗು ಮಾಡಿಕೊಂಡಿದ್ದೀವಿ.

ಐದೈದು ವರ್ಷಕ್ಕೊಂದು ಗುಂಪು. ಅಂತಾರಾಷ್ಟ್ರೀಯ ಲೆಕ್ಕದಲ್ಲಿ 25ರಿಂದ 29, 30ರಿಂದ 34, ಹೀಗೆ ನೂರರ ಆಚೆಗೂ. ರಿಲೇಯಲ್ಲಂತೂ ನಾಲ್ಕು ಜನರ ವಯಸ್ಸನ್ನೇ ಕೂಡಿಸ್ತಾರೆ. 200ರ ಗುಂಪಿಗೆ ಮೂರು ವರ್ಷ ಸಾಲದಿದ್ರೆ ತಂಡದವರು ಅಂಕಲ್ ಒಬ್ಬರನ್ನು ಹುಡುಕಿಕೊಂಡು ಹೋಗ್ತಾರೆ. ವಯಸ್ಸು ಎಣಿಸೋದು ಆ ವರ್ಷದ ಡಿಸೆಂಬರ್ 31ಕ್ಕೆ. ಆಸ್ಟ್ರೇಲಿಯಾದ ಜಾರ್ಜ್ ಕರೋನಸ್ 2018ರ ಫೆಬ್ರವರಿಯಲ್ಲಿ 50 ಮೀಟರ್ ಫ್ರೀಸ್ಟೈಲನ್ನು 56.12 ಸೆಕೆಂಡಿನಲ್ಲಿ ಮುಗಿಸಿ 100–104ರ ಗುಂಪಿನ ವಿಶ್ವದಾಖಲೆ ಮಾಡಿದಾಗ ಅವರಿಗೆ ಇನ್ನೂ 99. ಹುಟ್ಟುಹಬ್ಬ ಇದ್ದದ್ದು ಏಪ್ರಿಲಿನಲ್ಲಿ. ಇಲ್ಲಿ 44ರವರು 45 ಆಗೋದನ್ನೇ ಕಾಯ್ತಾರೆ, ಹೊಸ ಗುಂಪಿಗೆ ತಾವೇ ಚಿಕ್ಕವರು ಅಂತ. (ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಒಂದು ವರ್ಷ ಕಮ್ಮಿ ಬರೆದುಬಿಟ್ಟ ನಮ್ಮ ಊರಿನವರಿಗೆಲ್ಲ ಇಲ್ಲಿ ನಷ್ಟ.)

ಹಾಗಾದ್ರೆ ಎಷ್ಟು ಸಲ ಸ್ಪರ್ಧಿಸಬೇಕು, ಎಷ್ಟು ತರಬೇತಿ ಮಾಡಬೇಕು? ನಮಗೆ ಬೇಕಾದ ಉತ್ತರ ಟೊರೆಸ್ ಪುಸ್ತಕದಲ್ಲಿಲ್ಲ, ಸಿಗುವ ಹಾಗೂ ಇಲ್ಲ. ಯಾಕಂದ್ರೆ ಅವರಿಗೆ ಇದ್ದದ್ದು ಒಂದೇ ದಿನಾಂಕ, ಒಂದೇ ಗುರಿ. ಮಾಸ್ಟರ್ಸ್ ಈಜುಗಾರರ ವರ್ಷ ಹಾಗಿರಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಎರಡು ರಾಷ್ಟ್ರೀಯ ಮೀಟ್, ವಸಂತದಲ್ಲಿ ಗಜದ ಪೂಲಿನಲ್ಲಿ, ಬೇಸಿಗೆಯಲ್ಲಿ 50 ಮೀಟರಿನದರಲ್ಲಿ. ನಡುವೆ ಊರೂರಲ್ಲಿ ಸಣ್ಣವು. ಆ ಸಣ್ಣ ಮೀಟ್‌ಗಳಿಗೆ ಅರ್ಹತಾ ಸಮಯ ಇಲ್ಲ, ಹೀಟ್‌ಗಳನ್ನು ಸಾಮಾನ್ಯವಾಗಿ ಸಮಯ ನೋಡಿ ಮಾಡ್ತಾರೆ. ಹಾಗಾಗಿ ಪಕ್ಕದ ಲೇನಿನಲ್ಲಿ ಎಪ್ಪತ್ತರ ಅಜ್ಜಿ ನಿಂತಿರಬಹುದು, ನಿಮಗಿಂತ ಮೊದಲು ಗೋಡೆ ಮುಟ್ಟಲೂಬಹುದು. ಇಷ್ಟೆಲ್ಲ ಇದ್ದರೂ ಅಲ್ಲಿನ ಸದಸ್ಯರಲ್ಲಿ ಹೆಚ್ಚಿನವರು ಮೀಟ್‌ಗೆ ಹೋಗೋದೇ ಇಲ್ಲ. ಬೆಳಿಗ್ಗೆ ಈಜಿ ಕೆಲಸಕ್ಕೆ ಹೋಗ್ತಾರೆ, ಅಷ್ಟೇ.

ಸ್ಪರ್ಧಿಸುವವರ ಮುಂದೆ ಇರುವ ನಿಜವಾದ ಪ್ರಶ್ನೆ ಟೇಪರ್‌ನದು. ಮುಖ್ಯ ಮೀಟ್‌ಗೆ ಒಂದೆರಡು ವಾರ ಮೊದಲಿಂದ ಈಜುವ ದೂರ ಕಡಿಮೆ ಮಾಡಿ, ವೇಗ ಮಾತ್ರ ಉಳಿಸಿಕೊಂಡು, ಮೈಗೆ ವಿಶ್ರಾಂತಿ ಕೊಡೋದು. ದಿನಕ್ಕೆ ಎರಡು ಹೊತ್ತು ಈಜುವವರಿಗೆ ಕಡಿಮೆ ಮಾಡಲು ಬೇಕಾದಷ್ಟಿರುತ್ತೆ. ವಾರಕ್ಕೆ ಮೂರು ದಿನ, ದಿನಕ್ಕೆ 2000 ಮೀಟರ್ ಈಜುವ ನೀವು ಏನನ್ನು ಕಡಿಮೆ ಮಾಡ್ತೀರಿ? ತಿಂಗಳಿಗೊಂದು ಮೀಟ್ ಅಂತ ಪ್ರತಿ ಸಲ ಟೇಪರ್ ಮಾಡಿದ್ರೆ ವರ್ಷದಲ್ಲಿ ತರಬೇತಿಗೆ ವಾರಗಳೇ ಉಳಿಯಲ್ಲ. ಅದಕ್ಕೇ ತಿಳಿದವರು ವರ್ಷಕ್ಕೆ ಒಂದೋ ಎರಡೋ ಮೀಟ್‌ಗೆ ಮಾತ್ರ ವಿಶ್ರಾಂತಿ ತಗೊಂಡು ಹೋಗ್ತಾರೆ. ಉಳಿದವನ್ನು ಸುಸ್ತಾದ ಮೈಯಲ್ಲೇ ಈಜ್ತಾರೆ, ಪ್ರಾಕ್ಟೀಸಿನ ಒಂದು ದಿನದ ಹಾಗೆ. ಅದೂ ಉಪಯೋಗಕ್ಕೆ ಬರುತ್ತೆ. ನಮ್ಮ ಎಷ್ಟೋ ಪೂಲುಗಳಲ್ಲಿ ದೊಡ್ಡವರಿಗೆ ಬ್ಲಾಕಿನಿಂದ ಡೈವ್ ಹೊಡೆಯೋಕೆ ಬಿಡಲ್ಲ. ಡೈವು, ಟರ್ನು, ಎದೆಬಡಿತ, ಇವನ್ನೆಲ್ಲ ಕಲಿಯೋಕೆ ಮೀಟ್ ಬಿಟ್ಟರೆ ಬೇರೆ ಜಾಗ ಎಲ್ಲಿದೆ?

ಈ ಅಧ್ಯಾಯ ಪುಸ್ತಕದಲ್ಲಿ ಇಲ್ಲದಿರೋದರಿಂದ ಏನಾಗುತ್ತೆ ಅಂತ ನೋಡಿದ್ದೀನಿ. ನಮ್ಮ ಬ್ಯಾಚಿನ ಗೆಳೆಯರೊಬ್ಬರು, ಟೆಸ್ಟಿಂಗ್ ಟೀಮಿನ ಲೀಡ್, ಇದನ್ನು ಓದಿ ಮೂರರಿಂದ ನೇರ ಆರು ದಿನಕ್ಕೆ ಹೋದರು. ಪ್ಯಾಡಲ್ಸ್ ಹಾಕಿಕೊಂಡು ಬಟರ್‌ಫ್ಲೈ ಬೇರೆ. ಎರಡು ತಿಂಗಳಿಗೆ ಭುಜ ಹಿಡಿದುಕೊಳ್ತು, ಫಿಸಿಯೋ ಮನೆಗೆ ಓಡಾಟ ಶುರುವಾಯ್ತು, ಈಗ ಪೂಲಿನ ಕಡೆ ಬರೋದೇ ಇಲ್ಲ. ‘ನನಗೆ ವಿಲ್‌ಪವರ್ ಸಾಲದು ಬಿಡಿ’ ಅಂತಾರೆ. ನನಗೆ ಸಿಟ್ಟು ಬರೋದು ಆ ಮಾತಿಗೆ. ಮನೋಬಲಕ್ಕೇನೂ ಕೊರತೆ ಇರಲಿಲ್ಲ. ಚೇತರಿಸಿಕೊಳ್ಳೋಕೆ ದಿನ ಸಾಲದಾಗಿತ್ತು. ಪುಸ್ತಕದ ಹೆಸರು ಅವರಿಗೆ ಅದನ್ನು ಹೇಳಲಿಲ್ಲ.

ಟೊರೆಸ್ ಬದಲು ಜಪಾನಿನ ಮಿಯೆಕೊ ನಾಗಾವೋಕಾ ಬಗ್ಗೆ ಓದಿ ಅಂತ ನಾನು ಹೇಳ್ತೀನಿ. ಎಂಬತ್ತರ ಮೇಲೆ ಮಂಡಿನೋವಿಗಾಗಿ ನೀರಿಗಿಳಿದವರು. 2015ರ ಏಪ್ರಿಲಿನಲ್ಲಿ, ನೂರನೇ ವಯಸ್ಸಿನಲ್ಲಿ, ಮತ್ಸುಯಾಮಾದಲ್ಲಿ 1500 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯನ್ನು ಪೂರ್ತಿ ಬ್ಯಾಕ್‌ಸ್ಟ್ರೋಕಿನಲ್ಲಿ ಈಜಿ ಮುಗಿಸಿದರು. ಒಂದು ಗಂಟೆ ಹದಿನೈದು ನಿಮಿಷ 54 ಸೆಕೆಂಡು. ನೂರು ತುಂಬಿದ ಮೇಲೆ ಅಷ್ಟು ದೂರದ ಸ್ಪರ್ಧೆ ಮುಗಿಸಿದ ಮೊದಲಿಗರು ಅವರೇ.

ನಮ್ಮಲ್ಲೂ ರಾಷ್ಟ್ರೀಯ ಮಾಸ್ಟರ್ಸ್ ನಡೆಯುತ್ತೆ. 2023ರ ನವೆಂಬರಿನಲ್ಲಿ ಮಂಗಳೂರಿನ ಎಮ್ಮೆಕೆರೆ ಪೂಲಿನಲ್ಲೇ ಆಗಿತ್ತು. ಹೋಗುವ ಮನಸ್ಸಿದ್ರೆ ವರ್ಷಕ್ಕೆ ಅಂಥದ್ದೊಂದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಟೊರೆಸ್ ಪುಸ್ತಕವನ್ನೂ ಓದಿ, ಬೇಡ ಅನ್ನಲ್ಲ. ಓದುವಾಗ ಅದರಲ್ಲಿ ಸೇರದ ಒಂದು ಫಲಿತಾಂಶವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ: 2012ರ ಅಮೆರಿಕ ಟ್ರಯಲ್ಸ್, 50 ಮೀಟರ್ ಫ್ರೀಸ್ಟೈಲ್, ವಯಸ್ಸು 45, ನಾಲ್ಕನೇ ಸ್ಥಾನ. ತಂಡಕ್ಕೆ ತಪ್ಪಿದ್ದು 0.09 ಸೆಕೆಂಡಿನಿಂದ.