ಕಿವಿಗೆ ಸಿಗದ ಸವೆತ

ಡೀಸೆಲ್ ಪಂಪಿನ ವಿಷಯದಲ್ಲಿ ಕನಕಪುರ ರಸ್ತೆಯ ಉದ್ದಕ್ಕೂ ಒಂದು ನಂಬಿಕೆ ಭದ್ರವಾಗಿ ಕೂತಿದೆ: ಪಳಗಿದ ಮೇಸ್ತ್ರಿಗೆ ಕಿವಿ ಇದ್ದರೆ ಸಾಕು. ಇಂಜಿನ್ ಸ್ಟಾರ್ಟ್ ಮಾಡಿಸುತ್ತಾನೆ, ಬಾನೆಟ್ ಪಕ್ಕ ನಿಂತು ಒಂದಷ್ಟು ಹೊತ್ತು ಕೇಳುತ್ತಾನೆ, ಪಂಪಿನ ಸ್ಕ್ರೂ ಕಾಲು ಸುತ್ತು ತಿರುಗಿಸುತ್ತಾನೆ, ಗಾಡಿ ಎಳೆಯತೊಡಗುತ್ತದೆ. ಈ ಕೈಚಳಕದ ಬಗ್ಗೆ ನಮ್ಮಲ್ಲಿ ಪುರಾಣಗಳೇ ಇವೆ. ಆ ಕಿವಿಯನ್ನು ನಾನೂ ಮೆಚ್ಚುತ್ತೇನೆ, ಅದರಿಂದ ಕಲಿತಿದ್ದೇನೆ. ಆದರೆ ಸವೆದ ಪಂಪಿನ ಮಟ್ಟಿಗೆ ಅದು ಸಾಕ್ಷಿಯಾಗಲಾರದು ಎಂಬುದು ನನ್ನ ತಕರಾರು. ಆ ಕಾಲು ಸುತ್ತು ರಿಪೇರಿಯೂ ಅಲ್ಲ, ಸವೆತವನ್ನು ಮುಚ್ಚಿಡುವ ಕೆಲಸ.

ಈ ಪುರಾಣ ಬೆಂಗಳೂರಿನಲ್ಲಿ ಬೆಳೆದದ್ದೇ ವಿಚಿತ್ರ. 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೋ, ಆಡುಗೋಡಿಯಲ್ಲಿ ದಶಕಗಳ ಕಾಲ ತಯಾರಿಸಿದ್ದು ಇದೇ ಪಂಪುಗಳನ್ನು. ಜಯನಗರ, ಬಿಟಿಎಂ ಕಡೆಯ ಎಷ್ಟೋ ಮನೆಗಳು ಆ ಕಾರ್ಖಾನೆಯ ಸಂಬಳದಲ್ಲಿ ಎದ್ದವು. ಒಂದು ಬಡಾವಣೆಗೆ ಮೈಕೋ ಲೇಔಟ್ ಎಂದೇ ಹೆಸರು. ಅಲ್ಲಿ ಕೆಲಸ ಮಾಡಿದವರನ್ನು ಕೇಳಿ, ಮೈಕ್ರಾನ್ ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡುವುದಿಲ್ಲ. ಪಂಪಿನೊಳಗಿನ ಎಲಿಮೆಂಟ್ ಎಂದರೆ ಒಂದು ಪ್ಲಂಜರ್ ಮತ್ತು ಅದು ಆಡುವ ಬ್ಯಾರೆಲ್. ಎರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತನೇ ಒಂದು ಪಾಲೂ ಇಲ್ಲ. ರಬ್ಬರ್ ಇಲ್ಲ, ರಿಂಗ್ ಇಲ್ಲ; ಉಕ್ಕಿಗೆ ಉಕ್ಕನ್ನು ಮಸೆದು ಕೂಡಿಸಿದ ಆ ಅಳತೆಯೇ ಸೀಲು. ಅದಕ್ಕೇ ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರೆಲಿಗೆ ಹಾಕುವಂತಿಲ್ಲ. ಇಂಥ ವಸ್ತುವನ್ನು ಅಳೆಯಲು ಕಿವಿ ಸಾಕು ಎನ್ನುವ ಊರೂ ಇದೇ.

ಈಗ ಇದೇ ಕನಕಪುರ ರಸ್ತೆಯ ತಲಘಟ್ಟಪುರದ ಟ್ರ್ಯಾಕ್ಟರನ್ನೇ ನೋಡೋಣ. ರೇಷ್ಮೆ ಸಂಶೋಧನಾ ಸಂಸ್ಥೆ ಇಲ್ಲಿದೆ, ಹಿಪ್ಪುನೇರಳೆ ಮತ್ತು ರಾಗಿ ಹೊಲಗಳ ನೆನಪೂ ಇದೆ. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಬಂದ ಮೇಲಂತೂ ಅಪಾರ್ಟ್‌ಮೆಂಟುಗಳದ್ದೇ ಬೆಳೆ. ಹಳೆಯ ಮ್ಯಾಸ್ಸಿ 1035, ಮಹೀಂದ್ರ 275ರಂಥ ಮೂರು ಸಿಲಿಂಡರಿನ ಗಾಡಿಗಳು ನೇಗಿಲು ಬಿಚ್ಚಿಟ್ಟು ನೀರಿನ ಟ್ಯಾಂಕರಿಗೆ, ಜಲ್ಲಿ ಮಣ್ಣಿನ ಟ್ರೈಲರಿಗೆ ಕೊರಳು ಕೊಟ್ಟಿವೆ. ಕೆಲಸ ಬದಲಾದದ್ದನ್ನು ಎಲ್ಲರೂ ನೋಡಿದ್ದಾರೆ. ಅದರಿಂದ ರೋಗದ ಲಕ್ಷಣವೂ ಬದಲಾಯಿತು ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಉಳುಮೆಯ ಟ್ರ್ಯಾಕ್ಟರ್ ಬೆಳಿಗ್ಗೆ ಸ್ಟಾರ್ಟ್ ಆದರೆ ನಿಲ್ಲುವುದು ಮಧ್ಯಾಹ್ನದ ಊಟಕ್ಕೆ. ಟ್ಯಾಂಕರಿನದು ಬೋರ್‌ವೆಲ್ ಹತ್ತಿರ ಒಂದು ನಿಲುಗಡೆ, ಗೇಟಿನ ಮುಂದೆ ಇನ್ನೊಂದು. ದಿನವಿಡೀ ಬಿಸಿ ಇಂಜಿನನ್ನು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವುದು. ಸವೆದ ಪಂಪು ಸಿಕ್ಕಿಬೀಳುವುದು ಇಲ್ಲೇ.

ಯಾಕೆಂದರೆ ಸೋರಿಕೆ ಸಮಯದ ಲೆಕ್ಕ. ತೂತು ಬಿಂದಿಗೆ ಹೊತ್ತವಳು ಓಡಿದರೆ ಮನೆಗೆ ಅಷ್ಟಿಷ್ಟು ನೀರು ಬರುತ್ತದೆ, ನಿಧಾನವಾಗಿ ನಡೆದರೆ ಬರಿ ಬಿಂದಿಗೆ. ಇಂಜಿನ್ 2000 ಆರ್‌ಪಿಎಮ್‌ನಲ್ಲಿದ್ದರೆ ಪಂಪು ತಿರುಗುವುದು ಅದರ ಅರ್ಧ, 1000. ಸೆಲ್ಫ್ ಹೊಡೆಯುವಾಗ ಇಂಜಿನ್ ಸುಮಾರು 150, ಪಂಪು 75. ಅಂದರೆ ಸ್ಟಾರ್ಟ್ ಮಾಡುವಾಗ ಪ್ಲಂಜರಿನ ಒಂದೊಂದು ಏರಿಕೆಗೂ ಹದಿಮೂರು ಪಟ್ಟು ಹೆಚ್ಚು ಹೊತ್ತು ಹಿಡಿಯುತ್ತದೆ, ಸವೆದ ಸಂದಿನಲ್ಲಿ ಡೀಸೆಲ್ ಜಾರಿಹೋಗಲು ಅಷ್ಟೇ ಪುರಸೊತ್ತು ಸಿಗುತ್ತದೆ. ಇದರ ಮೇಲೆ ಬಿಸಿ. ಇಂಜಿನ್ ನಿಂತ ಮೇಲೆ ಬ್ಲಾಕಿನ ಕಾವು ಪಂಪಿಗೆ ಇಳಿಯುತ್ತದೆ. 40 ಡಿಗ್ರಿಯಲ್ಲಿದ್ದ ಡೀಸೆಲ್ 80ಕ್ಕೆ ಏರಿದರೆ ಅದರ ಮಂದತನ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಧಾನ ಮತ್ತು ಬಿಸಿ ಎರಡೂ ಕೂಡಿದಾಗ ಒತ್ತಡ ನಾಝಲ್ ತೆರೆಯುವ ಮಟ್ಟ ಮುಟ್ಟುವುದೇ ಇಲ್ಲ. ಅದೇ ಪಂಪು 1000ದಲ್ಲಿ ಏನೂ ಆಗದಂತೆ ಕೆಲಸ ಮಾಡುತ್ತದೆ.

ಡ್ರೈವರುಗಳಿಗೆ ಇದು ಅನುಭವದಲ್ಲಿ ಗೊತ್ತು. ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸುತ್ತಾರೆ. ‘ಬೆಳಗ್ಗೆ ಒಂದೇ ಸೆಲ್ಫಿಗೆ ಹಿಡ್ಕೊಳುತ್ತೆ ಸಾರ್, ಮಧ್ಯಾಹ್ನ ಸತಾಯಿಸುತ್ತೆ’ ಅನ್ನುತ್ತಾರೆ. ಪಂಪಿನ ಮೇಲೆ ಒಂದು ಚೊಂಬು ತಣ್ಣೀರು ಸುರಿದು ಸ್ಟಾರ್ಟ್ ಮಾಡಿ ತೋರಿಸುವವರೂ ಇದ್ದಾರೆ. (ಓಡುತ್ತಿರುವ ಬಿಸಿ ಪಂಪಿನ ಮೇಲೆ ಈ ಪ್ರಯೋಗ ಬೇಡ, ಪ್ಲಂಜರ್ ಕಚ್ಚಿಕೊಂಡೀತು. ನಿಂತ ಇಂಜಿನಿಗೆ ಒದ್ದೆ ಬಟ್ಟೆ ಸುತ್ತಿದರೆ ಅದೇ ಉತ್ತರ ಸಿಗುತ್ತದೆ.) ಇಷ್ಟು ಸ್ಪಷ್ಟ ಸಾಕ್ಷಿ ಕೈಯಲ್ಲಿದ್ದೂ ಗ್ಯಾರೇಜಿನ ತೀರ್ಪು ಬೇರೆಯೇ: ಏರ್ ಹಿಡಿದಿದೆ, ಬ್ಯಾಟರಿ ಡೌನು, ಸೆಲ್ಫ್ ವೀಕು. ಸೆಲ್ಫ್ ಬಿಚ್ಚಿ ಕಾರ್ಬನ್ ಬ್ರಷ್ ಬದಲಿಸುತ್ತಾರೆ. ಅದು ಸ್ವಲ್ಪ ಜೋರಾಗಿ ತಿರುಗುವುದರಿಂದ ಪಂಪೂ ಸ್ವಲ್ಪ ಜೋರಾಗಿ ತಿರುಗಿ ಗಾಡಿ ಸ್ಟಾರ್ಟ್ ಆಗಿಬಿಡುತ್ತದೆ. ತಪ್ಪು ತೀರ್ಪಿಗೆ ಸರಿಯಾದ ಫಲಿತಾಂಶ ಸಿಕ್ಕರೆ ಅದನ್ನು ಅಲ್ಲಾಡಿಸುವುದು ಬಹಳ ಕಷ್ಟ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಅಷ್ಟೇ ಸಾಮಾನ್ಯ. ಕಪ್ಪು ಹೊಗೆ ಕಂಡರೆ ‘ಪಂಪು ಹೋಯ್ತು’. ತರ್ಕ ತಲೆಕೆಳಗಾಗಿದೆ. ಸವೆದ ಎಲಿಮೆಂಟ್ ಕೊಡುವುದು ಕಡಿಮೆ ಡೀಸೆಲ್. ಗಾಡಿ ಎಳೆಯುವುದಿಲ್ಲ, ಆದರೆ ಹೊಗೆಯೂ ಕಡಿಮೆ. ಕಪ್ಪು ಹೊಗೆ ಎಂದರೆ ಗಾಳಿಗೆ ಮೀರಿದ ಡೀಸೆಲ್. ಮೊದಲು ನೋಡಬೇಕಾದದ್ದು ಏರ್ ಕ್ಲೀನರಿನ ಎಣ್ಣೆ ಬಟ್ಟಲು. ಕಟ್ಟಡ ಕೆಲಸದ ಧೂಳಿನಲ್ಲಿ ಓಡುವ ಗಾಡಿಯಲ್ಲಿ ಅದು ಕೆಸರಾಗಿರುತ್ತದೆ. ಆಮೇಲೆ ಹನಿ ಬೀಳಿಸುವ ನಾಝಲ್, ಹಿಂದೆ ಬಿದ್ದ ಟೈಮಿಂಗ್. ಇಲ್ಲಿ ಒಂದು ವಿನಾಯಿತಿ ಕೊಡಲೇಬೇಕು: ಪಂಪಿನ ತಲೆಯಲ್ಲಿರುವ ಡೆಲಿವರಿ ವಾಲ್ವ್ ಸವೆದರೆ ಪೈಪಿನಲ್ಲಿ ಉಳಿಯುವ ಒತ್ತಡ ಕೆಡುತ್ತದೆ, ಇಂಜೆಕ್ಷನ್ ಮುಗಿದ ಮೇಲೂ ನಾಝಲ್ ಜಿನುಗುತ್ತದೆ, ಆಗ ಹೊಗೆಗೆ ಪಂಪೇ ಹೊಣೆ. ಆದರೆ ಅದು ಚಿಕ್ಕ ಬಿಡಿಭಾಗದ ದೋಷ, ಇಡೀ ಪಂಪಿನದಲ್ಲ.

ಇನ್ನು ಆ ಕಾಲು ಸುತ್ತಿನ ವಿಚಾರ. ಗರಿಷ್ಠ ಡೀಸೆಲಿಗೆ ಮಿತಿ ಹಾಕುವ ಸ್ಕ್ರೂಗೆ ಸೀಸದ ಸೀಲು ಇರುತ್ತದೆ. ಹಳೆಯ ಗಾಡಿಗಳಲ್ಲಿ ಆ ಸೀಲನ್ನು ನೋಡುವ ಭಾಗ್ಯ ಅಪರೂಪ. ಸ್ಕ್ರೂ ಬಿಚ್ಚಿದರೆ ಡೀಸೆಲಿನ ಪ್ರಮಾಣ ಹೆಚ್ಚುಕಡಿಮೆ ಮಾಡುವ ಸರಳು, ಅಂದರೆ ರ್ಯಾಕ್, ಇನ್ನಷ್ಟು ಮುಂದೆ ಸರಿಯುತ್ತದೆ, ಸೋರಿದ್ದನ್ನು ಹೆಚ್ಚು ತುಂಬಿ ಸರಿದೂಗಿಸುತ್ತದೆ. ಲೋಡಿನಲ್ಲಿ ಪಿಕಪ್ ಬರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂರು ಎಲಿಮೆಂಟುಗಳು ಒಂದೇ ಸಮ ಸವೆಯುವುದಿಲ್ಲ. ಮೂರಕ್ಕೂ ಒಂದೇ ರ್ಯಾಕ್. ತೀರಾ ಸವೆದದ್ದಕ್ಕೆ ಸಾಕಾಗುವಷ್ಟು ತೆರೆದರೆ ಸರಿಯಿರುವ ಸಿಲಿಂಡರಿಗೆ ಅಗತ್ಯ ಮೀರಿ ಹೋಗುತ್ತದೆ. ಅದರ ಪಿಸ್ಟನ್ ಬೇಯುತ್ತದೆ, ಹೊಗೆ ಏಳುತ್ತದೆ, ಮತ್ತೆ ಬೈಗುಳ ಪಂಪಿಗೆ. ಬಿಸಿ ಸ್ಟಾರ್ಟಿಂಗಿನ ಕಷ್ಟ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಹಾಗಾದರೆ ಕಿವಿಗೆ ಬೆಲೆಯೇ ಇಲ್ಲವೇ? ಇದೆ. ಮಿಸ್ಸಿಂಗ್ ಇರುವ ಗಾಡಿಯಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ ಸಡಿಲಿಸುತ್ತಾ ಇಂಜಿನಿನ ದನಿ ಎಲ್ಲಿ ಕುಗ್ಗುವುದಿಲ್ಲವೋ ಆ ಸಿಲಿಂಡರನ್ನು ಹಿಡಿಯುವುದು ಅಪ್ಪಟ ಕಿವಿಯ ಕೆಲಸ, ಯಾವ ಮೀಟರಿಗೂ ಕಡಿಮೆಯಿಲ್ಲ. ಅಲ್ಲಿಂದ ಮುಂದಿನ ಹೆಜ್ಜೆಯನ್ನು ನಮ್ಮವರು ನುಂಗಿಬಿಡುತ್ತಾರೆ: ಆ ಸಿಲಿಂಡರಿನ ನಾಝಲನ್ನು ಪಕ್ಕದ್ದಕ್ಕೆ ಹಾಕಿ ನೋಡುವುದು. ಮಿಸ್ಸಿಂಗ್ ನಾಝಲ್ ಜೊತೆಗೇ ಹೋದರೆ ನಾಝಲ್ ದೋಷಿ. ಅಲ್ಲೇ ಉಳಿದರೆ ಕಂಪ್ರೆಷನ್ ಇಲ್ಲವೇ ಎಲಿಮೆಂಟ್. ಟ್ಯಾಂಕಿನ ಮುಚ್ಚಳದ ಗಾಳಿ ತೂತು, ಫೀಡ್ ಪಂಪಿನ ಜಾಲರಿ, ಎರಡು ಫಿಲ್ಟರುಗಳು, ವಾಲ್ವ್ ಸಂದು, ಇವನ್ನೆಲ್ಲ ದಾಟಿ ಬಂದ ಮೇಲಷ್ಟೇ ಪಂಪಿನ ಸರದಿ. ಪಂಪು ಬಿಚ್ಚುವ ಮೊದಲು ಅದರ ಹೊಟ್ಟೆಯ ಎಣ್ಣೆ ನೋಡಿ. ತನ್ನದೇ ಎಣ್ಣೆಯಿರುವ ಇನ್‌ಲೈನ್ ಪಂಪಿನಲ್ಲಿ ಎಲಿಮೆಂಟ್ ಸೋರಿದ ಡೀಸೆಲ್ ಕೆಳಗಿಳಿದು ಎಣ್ಣೆ ತೆಳ್ಳಗಾಗಿ ಮಟ್ಟ ಏರಿರುತ್ತದೆ. ಫೀಡ್ ಪಂಪಿನ ಕಡ್ಡಿ ಸೋರಿದರೂ ಹೀಗೇ ಆಗುತ್ತದೆ, ಹಾಗಾಗಿ ಇದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ; ಆದರೆ ಕಾಸು ಖರ್ಚಿಲ್ಲದ ಸುಳಿವು.

ನನ್ನ ವಾದ ಕೇಳಿದವರು ಥಟ್ಟನೆ ಹೇಳುವುದು, ‘ಅದಕ್ಕೇ ಸ್ವಾಮಿ, ಬೆಂಚಿಗೆ ಹಾಕಿ ಕ್ಯಾಲಿಬ್ರೇಷನ್ ಮಾಡಿಸ್ತೀವಲ್ಲ!’ ಇಲ್ಲಿ ನನಗೆ ಮೇಸ್ತ್ರಿಗಿಂತ ಬೆಂಚಿನ ಮೇಲೆ ಸಿಟ್ಟು ಹೆಚ್ಚು. ಮೇಸ್ತ್ರಿ ಕಡೇಪಕ್ಷ ತಾನು ಅಂದಾಜು ಮಾಡುತ್ತಿದ್ದೇನೆಂದು ಒಪ್ಪಿಕೊಳ್ಳುತ್ತಾನೆ. ಬೆಂಚಿನಲ್ಲಿ ಪಂಪನ್ನು ಮೋಟಾರಿನಿಂದ ತಿರುಗಿಸಿ ಪ್ರತಿ ಸಾಲಿನ ಡೀಸೆಲನ್ನು ಅಳತೆ ಗ್ಲಾಸಿಗೆ ಬೀಳಿಸುತ್ತಾರೆ. 1000ದಲ್ಲಿ ಮೂರು ಗ್ಲಾಸು ಸಮ ಬಂದರೆ ಗಿರಾಕಿಗೂ ಖುಷಿ, ಅಂಗಡಿಗೂ ಖುಷಿ. ಆದರೆ ಸವೆದ ಎಲಿಮೆಂಟಿನ ತೋಳನ್ನು ಸ್ವಲ್ಪ ತಿರುಗಿಸಿ ಕೂರಿಸಿದರೆ 1000ದಲ್ಲಿ ಯಾವ ಗ್ಲಾಸನ್ನಾದರೂ ಸಮ ಮಾಡಬಹುದು. ಅದೇ ಪಂಪನ್ನು 100ಕ್ಕೆ ಇಳಿಸಿ ರ್ಯಾಕನ್ನು ಪೂರ್ತಿ ತೆರೆದು ಅಳೆಯಿರಿ: ಒಂದು ಗ್ಲಾಸು ತುಂಬುತ್ತದೆ, ಇನ್ನೊಂದು ಅರ್ಧಕ್ಕೆ ನಿಲ್ಲುತ್ತದೆ. ಸವೆತದ ನಿಜವಾದ ಅಂಕಿ ಇದು. ಟೆಸ್ಟ್ ಚಾರ್ಟಿನಲ್ಲಿ ಸ್ಟಾರ್ಟಿಂಗ್ ಡೆಲಿವರಿ ಎಂಬ ಸಾಲು ಇರುವುದು ಇದಕ್ಕಾಗಿಯೇ. ಗಿರಾಕಿಯ ಕೈಗೆ ಬರುವ ಚೀಟಿಯಲ್ಲಿ ಆ ಸಾಲು ಬಹುಮಟ್ಟಿಗೆ ಖಾಲಿ.

ಎಲಿಮೆಂಟ್ ಹೊರಗೆ ಬಂದ ಮೇಲೆ ವಾದಕ್ಕೆ ಜಾಗವೇ ಇಲ್ಲ. ಹೊಸ ಪ್ಲಂಜರ್ ಕನ್ನಡಿ. ಸವೆದದ್ದರ ತುದಿಯ ಹತ್ತಿರ, ಒಳತೂತಿಗೆ ಎದುರಾಗುವ ಜಾಗದಲ್ಲಿ, ಒಂದು ಮಾಸಲು ಪಟ್ಟೆ ಕಾಣುತ್ತದೆ; ಓರೆಯಾಗಿ ಹಿಡಿದರೆ ಉದ್ದುದ್ದ ಗೀರುಗಳು. ಡೀಸೆಲಿನಲ್ಲಿ ಬಂದ ಧೂಳು ಅಲ್ಲೇ ಕೆಲಸ ಮಾಡಿರುತ್ತದೆ. ನೀರು ಬಂದಿದ್ದರೆ ತುಕ್ಕಿನ ಚುಕ್ಕೆ. ಬ್ಯಾರೆಲಿನ ಬಾಯಿ, ತೂತು ಎರಡನ್ನೂ ಬೆರಳಿನಲ್ಲಿ ಮುಚ್ಚಿ ಪ್ಲಂಜರ್ ಎಳೆದು ಬಿಟ್ಟರೆ ಒಳ್ಳೆಯ ಜೋಡಿ ಹಿಂದಕ್ಕೆ ಜಗ್ಗುತ್ತದೆ, ಸವೆದದ್ದು ಎಳೆದಲ್ಲೇ ಸುಮ್ಮನಿರುತ್ತದೆ. ರಿಪೇರಿ ಎಂದರೆ ಮೂರು ಜೋಡಿಯನ್ನೂ, ಜೊತೆಗೆ ಡೆಲಿವರಿ ವಾಲ್ವುಗಳನ್ನೂ ಬದಲಿಸುವುದು. ಹಾಳಾದದ್ದೊಂದನ್ನೇ ಬದಲಿಸುವ ಮಿತವ್ಯಯ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಿಲ್ಲ. ಹೊಸದು ಹಳೆಯದರ ನಡುವಿನ ಅಸಮತೋಲನ ನಿಧಾನ ವೇಗದಲ್ಲಿ ಮತ್ತೆ ತಲೆ ಎತ್ತುತ್ತದೆ. ಪಂಪನ್ನು ವಾಪಸ್ ಕೂರಿಸುವಾಗ ಸ್ಪಿಲ್ ಟೈಮಿಂಗ್ ನೋಡದೆ ಹಳೆಯ ಗುರುತಿಗೇ ಬಿಗಿಯುವುದು ಇನ್ನೊಂದು ಚಾಳಿ. ಒಂದನೇ ಡೆಲಿವರಿ ವಾಲ್ವ್ ತೆಗೆದು, ಬಾಗಿದ ಪೈಪು ಹಾಕಿ, ಇಂಜಿನನ್ನು ಕೈಯಲ್ಲಿ ತಿರುಗಿಸುತ್ತಾ ಡೀಸೆಲಿನ ಧಾರೆ ಹನಿಯಾಗುವ ಕ್ಷಣ ಹಿಡಿಯಲು ಎಷ್ಟು ಹೊತ್ತು ಬೇಕು? ಸೆಲ್ಫ್ ಬಿಚ್ಚಿದ್ದಕ್ಕಿಂತ ಕಡಿಮೆ.

ದೋಷವನ್ನು ಈಗಿನ ಡೀಸೆಲಿನ ತಲೆಗೆ ಕಟ್ಟುವ ಹೊಸ ಜಾಣ್ಮೆಯೂ ಶುರುವಾಗಿದೆ: ಗಂಧಕ ತೆಗೆದ ಡೀಸೆಲ್ ‘ಒಣ’, ಅದೇ ಪಂಪು ತಿನ್ನುತ್ತದೆ, ಟ್ಯಾಂಕಿಗೆ ಒಂದು ಲೋಟ ಇಂಜಿನ್ ಆಯಿಲ್ ಹಾಕಿ. 2020ರ ಏಪ್ರಿಲ್‌ನಿಂದ ದೇಶವೆಲ್ಲ ಸಿಗುವುದು 10 ಪಿಪಿಎಂ ಗಂಧಕದ ಡೀಸೆಲ್ ಎಂಬುದು ನಿಜ. ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ಜಾರುಗುಣ ಕೊಡುವ ಅಂಶಗಳೂ ಹೋಗುತ್ತವೆ ಎಂಬುದೂ ನಿಜ. ಆ ಕಾರಣಕ್ಕೇ ಜಾರುಗುಣಕ್ಕೆ ಪ್ರತ್ಯೇಕ ಮಾನದಂಡವಿದೆ. ಪರೀಕ್ಷೆಯಲ್ಲಿ ಸವೆತದ ಗುರುತು 460 ಮೈಕ್ರಾನ್ ಮೀರುವಂತಿಲ್ಲ. ಪೂರ್ತಿ ಡೀಸೆಲಿನಲ್ಲೇ ನೆನೆದು ಓಡುವ ಡಿಸ್ಟ್ರಿಬ್ಯೂಟರ್ ಪಂಪಿನವರು ಚಿಂತಿಸಿದರೆ ಅರ್ಥವಿದೆ. ಇನ್‌ಲೈನ್ ಪಂಪಿನ ಕ್ಯಾಮ್, ರೋಲರುಗಳಿಗೆ ಇಂಜಿನ್ ಆಯಿಲ್ ಇರುತ್ತದೆ. ಅಲ್ಲಿ ಡೀಸೆಲನ್ನೇ ನಂಬಿರುವುದು ಎಲಿಮೆಂಟ್, ಡೆಲಿವರಿ ವಾಲ್ವುಗಳಷ್ಟೇ. ಅವನ್ನು ಕೊಂದದ್ದು ರಿಫೈನರಿಯಲ್ಲ. ಹಳೆಯ ಬಣ್ಣದ ಕ್ಯಾನಿನಲ್ಲಿ ತಂದು ಬಟ್ಟೆ ಕಟ್ಟದೆ ಸುರಿದ ಡೀಸೆಲು, ನೀರು ಇಳಿಸದ ಫಿಲ್ಟರ್ ಬಟ್ಟಲು, ಒಂದು ಕಾಲದಲ್ಲಿ ಧಾರಾಳವಾಗಿ ಬೆರೆಸುತ್ತಿದ್ದ ನೀಲಿ ಸೀಮೆಎಣ್ಣೆ. ಲೋಟ ಆಯಿಲ್ ಸುರಿದರೆ ಮೈಕ್ರಾನ್ ವಾಪಸ್ ಬರುವುದಿಲ್ಲ.

ಮೇಸ್ತ್ರಿಗಳ ಕಡೆಯಿಂದ ಒಂದು ಮಾತು ಉಳಿಯುತ್ತದೆ, ಅದು ತೂಕದ ಮಾತು. ಗಿರಾಕಿಗೆ ಗಾಡಿ ಸಂಜೆಗೆ ಬೇಕು, ಇಪ್ಪತ್ತೈದು ವರ್ಷದ ಟ್ರ್ಯಾಕ್ಟರಿಗೆ ಮೂರು ಜೋಡಿ ಎಲಿಮೆಂಟಿನ ದುಡ್ಡು ಅವನು ಕೊಡುವುದಿಲ್ಲ. ಕೊಟ್ಟರೂ ಜೆಸಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಡಬ್ಬಿ ನೋಡಿ ಅಸಲಿ ನಕಲಿ ಹೇಳುವುದು ಸುಲಭವಲ್ಲ. ಒಪ್ಪಿದೆ. ಸೀಸನ್ನಿನಲ್ಲಿ ಸ್ಕ್ರೂ ತಿರುಗಿಸಿ ಒಂದು ವಾರ ತಳ್ಳುವುದನ್ನು ನಾನು ಪಾಪ ಎನ್ನುವುದಿಲ್ಲ. ಅದನ್ನು ರಿಪೇರಿ ಎಂದು ಬಿಲ್ ಬರೆಯುವುದಕ್ಕೆ ಮಾತ್ರ ನನ್ನ ಆಕ್ಷೇಪ. ನಕಲಿ ಎಲಿಮೆಂಟಿನ ಭಯಕ್ಕೂ ಅದೇ ಬೆಂಚು ಉತ್ತರ ಕೊಡುತ್ತದೆ, 100 ಆರ್‌ಪಿಎಮ್‌ಗೆ ಇಳಿಸಿದರೆ. ಪಂಪು ಬೆಂಚಿಗೆ ಕೊಡುವವರು ಬಿಚ್ಚುವ ಮೊದಲಿನ ಅಂಕಿ, ಕೂರಿಸಿದ ಮೇಲಿನ ಅಂಕಿ, ಎರಡೂ ಆ ವೇಗದಲ್ಲಿ ಬರೆಸಿಕೊಳ್ಳಲಿ. ತೆಗೆದ ಹಳೆಯ ಎಲಿಮೆಂಟುಗಳನ್ನೂ ಕೇಳಿ ಪಡೆಯಲಿ.