ಯುಗಾದಿಗೆ ಬಾಲಿ ಬೇಡ

2026ರ ಯುಗಾದಿ ಮಾರ್ಚ್ 19ಕ್ಕೆ. ಬಾಲಿ ದ್ವೀಪದ ಹೊಸ ವರ್ಷ ‘ನ್ಯೇಪಿ’ಯೂ ಅದೇ ದಿನ. ಎರಡೂ ಕಡೆ ಎಣಿಸುವುದು ಶಕ ವರ್ಷವನ್ನೇ, ಎರಡೂ ಕಡೆ ಕಾಲಿಡುವುದು 1948ಕ್ಕೇ. ಹಬ್ಬದ ರೀತಿಯಲ್ಲಿ ಮಾತ್ರ ಅಜಗಜಾಂತರ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬೇವು–ಬೆಲ್ಲ, ಹೋಳಿಗೆ, ಸಂಜೆ ಬಂಧುಬಳಗದ ಮನೆಗಳ ಸುತ್ತಾಟ. ಬಾಲಿಯಲ್ಲಿ ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಒಲೆ ಹಚ್ಚುವಂತಿಲ್ಲ, ದೀಪ ಉರಿಸುವಂತಿಲ್ಲ, ಕೆಲಸ ಮಾಡುವಂತಿಲ್ಲ, ಮನೆಯಿಂದ ಹೊರಬೀಳುವಂತಿಲ್ಲ. ಡೆನ್‌ಪಸಾರ್ ವಿಮಾನ ನಿಲ್ದಾಣವೇ ಇಪ್ಪತ್ನಾಲ್ಕು ಗಂಟೆ ಬಾಗಿಲು ಹಾಕುತ್ತದೆ. ಪ್ರವಾಸಿಗರಿಗೂ ವಿನಾಯಿತಿ ಇಲ್ಲ. ಹೋಟೆಲಿನ ಆವರಣ ಬಿಟ್ಟು ಬೀದಿಗಿಳಿದವರನ್ನು ‘ಪೆಚಲಾಂಗ್’ ಎಂಬ ಊರ ಕಾವಲಿನವರು ತಿರುಗಿಸಿ ಕಳಿಸುತ್ತಾರೆ.

ಹಬ್ಬದ ರಜೆಗೆ ಒಂದೆರಡು ದಿನ ಸೇರಿಸಿ ಬಾಲಿಗೆ ಹಾರಿಬರೋಣ ಎನ್ನುವವರಿಗೆ ಇದು ಗೊತ್ತಿರಬೇಕು. ಕೆಲವು ವರ್ಷ ಎರಡು ಹಬ್ಬಗಳ ನಡುವೆ ಒಂದು ದಿನದ ಅಂತರ ಬರುತ್ತದೆ. 2025ರಲ್ಲಿ ಹಾಗೇ ಆಯಿತು. ನ್ಯೇಪಿಯ ಹಿಂದಿನ ಸಂಜೆ ‘ಒಗೊ–ಒಗೊ’ ಎಂಬ ದೈತ್ಯ ಭೂತದ ಗೊಂಬೆಗಳನ್ನು ಹೊತ್ತು ಮಾಡುವ ಮೆರವಣಿಗೆ ನೋಡಬೇಕೆಂಬ ಆಸೆಯಿದ್ದರೆ ಹೋಗಬಹುದು. ಮರುದಿನ ಕೋಣೆಯಲ್ಲೇ ಕೂರಲು ಮಕ್ಕಳನ್ನು ಒಪ್ಪಿಸುವ ಹೊಣೆ ಹೆತ್ತವರದು.

ಸತ್ಯನಾರಾಯಣಪೇಟೆಯ ಮನೆಗಳಲ್ಲಿ ಇಂಡೊನೇಷ್ಯಾ ಎಂದರೆ ಬಾಲಿ, ಬಾಲಿ ಎಂದರೆ ‘ಐದು ರಾತ್ರಿ ಆರು ಹಗಲು’ ಪ್ಯಾಕೇಜು. ಬಾಲಿಯ ವಿಸ್ತೀರ್ಣ ಸುಮಾರು 5,780 ಚದರ ಕಿಲೋಮೀಟರ್; ವಿಜಯನಗರ ಜಿಲ್ಲೆ ಬೇರೆಯಾಗುವ ಮುಂಚಿನ ಬಳ್ಳಾರಿ ಜಿಲ್ಲೆಗಿಂತ ಚಿಕ್ಕದು. ದೇಶವೋ 17,000ಕ್ಕೂ ಹೆಚ್ಚು ದ್ವೀಪಗಳದ್ದು, 700ಕ್ಕೂ ಹೆಚ್ಚು ಭಾಷೆಗಳದ್ದು. ಪಶ್ಚಿಮದ ಸಬಾಂಗ್‌ನಿಂದ ಪೂರ್ವದ ಮೆರೌಕೆಗೆ ಐದು ಸಾವಿರ ಕಿಲೋಮೀಟರ್ ಮೀರುತ್ತದೆ, ಗಡಿಯಾರದ ಕಾಲವಲಯಗಳೇ ಮೂರು. ಇಷ್ಟನ್ನೂ ಒಂದೇ ರಜೆಯಲ್ಲಿ ಮುಗಿಸುತ್ತೇನೆಂದು ಹೊರಟವರು ನೋಡುವುದು ವಿಮಾನ ನಿಲ್ದಾಣಗಳನ್ನಷ್ಟೇ. ಬಾಲಿಯೊಂದನ್ನೇ ನೋಡಿ ಬಂದವರು ಆ ದೇಶದ ಅರ್ಧಕ್ಕಿಂತ ಹೆಚ್ಚು ಜನ ಬದುಕುವ ಜಾವಾವನ್ನೇ ಬಿಟ್ಟಿರುತ್ತಾರೆ. ಬಳ್ಳಾರಿಯವರಿಗೆ ಸರಿಹೊಂದುವ ದಾರಿ ಇವೆರಡರ ನಡುವೆ ಇದೆ: ಎರಡೇ ದ್ವೀಪ, ಮೂರೇ ಬಿಡಾರ. ಜಾವಾದ ಯೋಗ್ಯಕರ್ತಾದಲ್ಲಿ ಇಳಿಯುವುದು, ನೆಲದ ಮೇಲೆಯೇ ಪೂರ್ವಕ್ಕೆ ಸಾಗುವುದು, ಬಾಲಿಯಿಂದ ಮನೆಗೆ ಹಾರುವುದು. ಹೋದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಹೀಗೆ ಉಳಿಯುತ್ತದೆ.

ದಿನಾಂಕದ ವಿಚಾರದಲ್ಲಿ ಅದೃಷ್ಟ ನಮ್ಮ ಕಡೆಗಿದೆ. ಜಾವಾ ಮತ್ತು ಬಾಲಿಯಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಮಳೆ ಹಿಂದೆ ಸರಿದು, ಅಕ್ಟೋಬರ್‌ವರೆಗೆ ಒಣಹವೆ ಇರುತ್ತದೆ. ಬಳ್ಳಾರಿಯ ಬಿಸಿಲು ನಲವತ್ತು ದಾಟುವ ಮೇ ತಿಂಗಳ ಶಾಲಾ ರಜೆಯೂ ದಸರೆಯ ರಜೆಯೂ ಇದರೊಳಗೇ ಬರುತ್ತವೆ. ಇಡೀ ದೇಶಕ್ಕೆ ಇದೇ ಲೆಕ್ಕ ಅಂದುಕೊಳ್ಳಬಾರದು; ಮಾಲುಕು ದ್ವೀಪಗಳ ಅಂಬೋನ್‌ನಲ್ಲಿ ಜೂನ್–ಜುಲೈ ಎಂದರೆ ಧೋ ಎನ್ನುವ ಮಳೆ. ಜಾವಾದಲ್ಲಿ ನೋಡಬೇಕಾದ ಇನ್ನೊಂದು ತಿಥಿ ರಂಜಾನ್ ಹಬ್ಬ. ಆ ವಾರ ಕೋಟ್ಯಂತರ ಜನ ಪಟ್ಟಣ ಬಿಟ್ಟು ಹುಟ್ಟೂರಿಗೆ ಹೊರಡುತ್ತಾರೆ, ರೈಲಿನಲ್ಲಿ ಸೀಟು ಎಂಬುದು ಗಗನಕುಸುಮ.

ಮೊದಲ ಮೂರು ರಾತ್ರಿ ಯೋಗ್ಯಕರ್ತಾಗೆ ಮೀಸಲು. ಬೊರೊಬುದುರ್ ಬೌದ್ಧ ಸ್ತೂಪವನ್ನು ಕ್ರಿ.ಶ. 800ರ ಆಸುಪಾಸಿನಲ್ಲಿ ಶೈಲೇಂದ್ರ ಅರಸರ ಕಾಲದಲ್ಲಿ ಕಟ್ಟಿದರು. ಅದರ ಗೋಡೆಗಳ ಮೇಲೆ 2,672 ಉಬ್ಬುಶಿಲ್ಪದ ಫಲಕಗಳಿವೆ. ಕಲ್ಲು ಸವೆಯುತ್ತಿದೆಯೆಂದು ಈಗ ದಿನಕ್ಕೆ 1,200 ಜನರನ್ನು ಮಾತ್ರ ಮೇಲೆ ಹತ್ತಿಸುತ್ತಾರೆ, ಅದೂ ಮಾರ್ಗದರ್ಶಿಯ ಜೊತೆಗೆ, ಅವರೇ ಕೊಡುವ ನಾರಿನ ಚಪ್ಪಲಿ ಮೆಟ್ಟಿ. ಸುತ್ತಲಿನ ಅಂಗಳಕ್ಕಷ್ಟೇ ಹೋಗುವ ಟಿಕೆಟ್ ಬೇರೆ, ಹತ್ತುವ ಟಿಕೆಟ್ ಬೇರೆ. ಸೋಮವಾರ ಹತ್ತಲು ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಳ್ಳಾರಿಯವರ ಕಾಲು ಹೆಚ್ಚು ಹೊತ್ತು ನಿಲ್ಲುವುದು ಮಾತ್ರ ಪ್ರಾಂಬನನ್‌ನಲ್ಲಿ. ಒಂಬತ್ತನೆಯ ಶತಮಾನದ ಈ ದೇವಾಲಯ ಸಮೂಹದ ನಡುವೆ 47 ಮೀಟರ್ ಎತ್ತರದ ಶಿವಾಲಯವಿದೆ. ಅದರ ಮೊಗಸಾಲೆಯ ಒಳಗೋಡೆಯಲ್ಲಿ ಪೂರ್ವದ ಬಾಗಿಲಿನಿಂದ ಪ್ರದಕ್ಷಿಣೆ ಹಾಕುತ್ತಾ ಹೋದರೆ ರಾಮಾಯಣ ಫಲಕ ಫಲಕವಾಗಿ ಬಿಚ್ಚಿಕೊಳ್ಳುತ್ತದೆ. ವಾನರರು ಸೇತುವೆ ಕಟ್ಟುವಲ್ಲಿಗೆ ನಿಂತು, ಪಕ್ಕದ ಬ್ರಹ್ಮನ ಗುಡಿಯಲ್ಲಿ ಮುಂದುವರಿಯುತ್ತದೆ. ನಡುವೆ ಕಿಷ್ಕಿಂಧೆ. ಆನೆಗೊಂದಿಯನ್ನು ಕಿಷ್ಕಿಂಧೆ ಎಂದು, ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎಂದು ಕೇಳುತ್ತಾ ಬೆಳೆದವರು ಇಲ್ಲಿ ಬಗ್ಗಿ ನೋಡದೆ ಮುಂದೆ ಹೋಗುವುದಿಲ್ಲ. ಮೊದಲ ಕಾಳಗದಲ್ಲಿ ವಾಲಿ ಯಾರು, ಸುಗ್ರೀವ ಯಾರು ಎಂದು ರಾಮನಿಗೂ ತಿಳಿಯದು, ನೋಡುವವರಿಗೂ ತಿಳಿಯದು. ಎರಡನೆಯದರಲ್ಲಿ ಶಿಲ್ಪಿ ಸುಗ್ರೀವನ ಮೈಗೆ ಎಲೆಗಳ ಗುರುತು ಕಟ್ಟಿದ್ದಾನೆ. ಅದಕ್ಕೂ ಮುಂಚಿನ ಒಂದು ಫಲಕ ನಮ್ಮ ಹರಿಕಥೆಗಳಲ್ಲಿ ಕೇಳದ ಪ್ರಸಂಗವನ್ನು ಹೇಳುತ್ತದೆ. ಬಾಯಾರಿದ ರಾಮನಿಗೆ ಲಕ್ಷ್ಮಣ ಬತ್ತಳಿಕೆಯಲ್ಲಿ ನೀರು ತಂದುಕೊಡುತ್ತಾನೆ. ಅದು ಹೊಳೆಯ ನೀರಲ್ಲ, ಮೇಲೆ ಕುಳಿತು ಅಳುತ್ತಿರುವ ಸುಗ್ರೀವನ ಕಣ್ಣೀರು. ವಾಲ್ಮೀಕಿಯಲ್ಲಿ ಇದಿಲ್ಲ. ಒಣಹವೆಯ ತಿಂಗಳುಗಳಲ್ಲಿ ಸಂಜೆ ಇದೇ ಗುಡಿಗಳ ಹಿನ್ನೆಲೆಯ ಬಯಲು ರಂಗಮಂದಿರದಲ್ಲಿ ರಾಮಾಯಣ ನೃತ್ಯನಾಟಕವಿರುತ್ತದೆ. 1961ರಿಂದ ನಡೆದುಬಂದಿರುವ ಈ ಪ್ರಯೋಗದ ಕಲಾವಿದರಲ್ಲಿ ಬಹುಪಾಲು ಮುಸ್ಲಿಮರು.

ಯೋಗ್ಯಕರ್ತಾದ ಲೆಂಪುಯಾಂಗನ್ ನಿಲ್ದಾಣದಿಂದ ‘ಶ್ರೀ ತಂಜುಂಗ್’ ರೈಲು ಬೆಳಿಗ್ಗೆ ಹೊರಟು, ಜಾವಾದ ಪೂರ್ವ ತುದಿಯ ಕೆತಾಪಾಂಗ್ ಬಂದರನ್ನು ರಾತ್ರಿ ಮುಟ್ಟುತ್ತದೆ. ದಾರಿಯ ಪ್ರೊಬೊಲಿಂಗೊದಲ್ಲಿ ಇಳಿದರೆ ಬ್ರೊಮೊ ಅಗ್ನಿಪರ್ವತ. ತುದಿಯವರೆಗೆ ಹೋದರೆ ಇಜೆನ್. ಎರಡರಲ್ಲಿ ಒಂದನ್ನು ಆರಿಸಬೇಕು. ಅಜ್ಜ–ಅಜ್ಜಿ ಜೊತೆಗಿದ್ದರೆ ಬ್ರೊಮೊ: ಜೀಪು ಸೂರ್ಯೋದಯದ ದಿಬ್ಬದವರೆಗೂ ಹೋಗುತ್ತದೆ. ಮೇ ತಿಂಗಳೆಂದು ಸ್ವೆಟರ್ ಬಿಟ್ಟು ಹೋದರೆ ಹಲ್ಲು ಕಟಕಟ ಎನ್ನುವುದು ಖಚಿತ. ಅಗ್ನಿಪರ್ವತದ ಬುಡದಲ್ಲಿ ತೆಂಗರ್ ಜನರ ಹಿಂದೂ ದೇವಾಲಯವಿದೆ; ಕಸಾದ ಹಬ್ಬದಂದು ಅವರು ಬೆಳೆದ ಫಸಲನ್ನೂ ಕೋಳಿ–ಕುರಿಗಳನ್ನೂ ಹೊಗೆಯಾಡುವ ಕುಂಡಕ್ಕೆ ಅರ್ಪಿಸುತ್ತಾರೆ. ಗಟ್ಟಿ ಕಾಲಿನವರಿಗೆ ಇಜೆನ್: ನಡುರಾತ್ರಿ ಹತ್ತಿದರೆ ಉರಿಯುವ ಗಂಧಕದ ನೀಲಿ ಜ್ವಾಲೆ ಕಾಣುತ್ತದೆ. ಬಿದಿರ ದಬ್ಬೆಯ ಎರಡು ಬುಟ್ಟಿಗಳಲ್ಲಿ ಎಪ್ಪತ್ತು ಕಿಲೋ ಮೀರಿದ ಹಳದಿ ಗಂಧಕವನ್ನು ಹೆಗಲಿಗೇರಿಸಿಕೊಂಡು ಕುಂಡದೊಳಗಿಂದ ಮೇಲೆ ಬರುವ ಕೂಲಿಗಳೂ ಎದುರಾಗುತ್ತಾರೆ. ಸಂಡೂರಿನ ಗಣಿಗಳ ಕೆಂಪು ಧೂಳು ಕಂಡವರಿಗೆ ಆ ದೃಶ್ಯದ ಮುಂದೆ ಮೊಬೈಲು ಎತ್ತಲು ಕೈ ಬಾರದು.

ಕೆತಾಪಾಂಗ್‌ನಿಂದ ಬಾಲಿಯ ಗಿಲಿಮಾನುಕ್‌ಗೆ ಹಗಲು–ರಾತ್ರಿ ಹಡಗು ಓಡುತ್ತದೆ. ಪ್ರಯಾಣ ಒಂದು ಗಂಟೆಯ ಹತ್ತಿರ. ಬಾಲಿಯ ಗಡಿಯಾರ ಜಾವಾಕ್ಕಿಂತ ಒಂದು ಗಂಟೆ ಮುಂದಿರುವುದರಿಂದ ಐದಕ್ಕೆ ಹತ್ತಿದವರು ಏಳಕ್ಕೆ ಇಳಿಯುತ್ತಾರೆ. ಟ್ಯಾಕ್ಸಿಯವರಿಗೆ ಸಮಯ ಹೇಳುವಾಗ ಇದು ನೆನಪಿರಲಿ.

ಬಾಲಿಯ ನಾಲ್ಕು ರಾತ್ರಿಗಳಲ್ಲಿ ಕಡಲತೀರಕ್ಕೆ ಎಷ್ಟು ಎಂಬುದು ಅವರವರ ಇಷ್ಟ. ಸಿರುಗುಪ್ಪ, ಕುರುಗೋಡು ಕಡೆಯ ಭತ್ತದ ರೈತರು ಬಂದಿದ್ದರೆ ಒಂದು ಹಗಲು ಜತಿಲುವಿಹ್‌ಗೆ ಮೀಸಲಿಡಬೇಕು. ಬತುಕರು ಬೆಟ್ಟದ ಇಳಿಜಾರಿನ ಈ ಗದ್ದೆಗಳಿಗೆ ನೀರು ಹಂಚುವುದು ‘ಸುಬಕ್’ ಎಂಬ ರೈತರ ಕೂಟ. 2012ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆಗೆ ಅಡ್ಡ ಹಾಕಿದ ಮರದ ದಿಮ್ಮಿಯಲ್ಲಿ ಪಾಲಿಗೆ ತಕ್ಕ ಅಗಲದ ಕಚ್ಚು ಕೊರೆದಿರುತ್ತಾರೆ. ನೀರು ತಾನೇ ಪಾಲಾಗುತ್ತದೆ. ಯಾವ ಕೂಟ ಯಾವಾಗ ನಾಟಿ ಮಾಡಬೇಕು ಎಂಬುದು ನೀರಿನ ದೇವಾಲಯಗಳಲ್ಲಿ ನಿಶ್ಚಯವಾಗುತ್ತದೆ. ಒಂದೇ ಹೊತ್ತಿಗೆ ಗದ್ದೆಗಳು ಬಿಡುವಾಗಿ ನಿಂತರೆ ಹುಳಕ್ಕೂ ಇಲಿಗೂ ಮೇವಿಲ್ಲ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು, ಆದಷ್ಟು ಬೆಳೆ ತೆಗೆಯಿರಿ ಎಂದಾಗ ಈ ಸರದಿ ಕೆಟ್ಟು ಕೀಟದ ಹಾವಳಿ ಎದ್ದಿತು. ಕೊನೆಗೆ ಹಳೆಯ ಸರದಿಗೇ ಮರಳಿದರು. ವಿಜಯನಗರದ ಅರಸರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳ ನೀರಲ್ಲಿ ಬೆಳೆದವರಿಗೂ, ತುಂಗಭದ್ರಾ ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟಲಿಲ್ಲವೆಂದು ಹೋರಾಡಿದವರಿಗೂ ಆ ದಿಮ್ಮಿಯ ಮುಂದೆ ಕೇಳಲು ಪ್ರಶ್ನೆಗಳು ಬೇಕಾದಷ್ಟು.

ಊಟದ ಚಿಂತೆ ಅಂದುಕೊಂಡಷ್ಟಿಲ್ಲ. ಸೋಯಾ ಕಾಳು ಹುದುಗಿಸಿ ಮಾಡುವ ತೆಂಪೆ ಜಾವಾದ್ದೇ ಕೊಡುಗೆ. ಬೇಯಿಸಿದ ತರಕಾರಿಯ ಮೇಲೆ ಶೇಂಗಾ ಗೊಜ್ಜು ಸುರಿದ ಗದೊ–ಗದೊ ಬಳ್ಳಾರಿ ನಾಲಿಗೆಗೆ ಒಗ್ಗುತ್ತದೆ. ಸಸ್ಯಾಹಾರಿಗಳು ಎಚ್ಚರವಿರಬೇಕಾದದ್ದು ಕಣ್ಣಿಗೆ ಕಾಣದ್ದರ ಬಗ್ಗೆ: ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲಿ ಸಾಮಾನ್ಯವಾಗಿ ‘ತೆರಾಸಿ’ ಎಂಬ ಸೀಗಡಿಯ ಮುದ್ದೆ ಬೆರೆತಿರುತ್ತದೆ, ಗದೊ–ಗದೊ ಜೊತೆ ಬರುವ ಹಪ್ಪಳವೂ ಎಷ್ಟೋ ಸಲ ಸೀಗಡಿಯದೇ. ‘ತನ್ಪಾ ತೆರಾಸಿ’ ಎಂದರೆ ಅದಿಲ್ಲದೆ ಕೊಡುತ್ತಾರೆ. ಡಬ್ಬಿಯಲ್ಲಿ ಗುರೆಳ್ಳು ಪುಡಿಯೂ ಇರಲಿ.

ಭಾರತೀಯರಿಗೆ ಇಳಿದಲ್ಲೇ ವೀಸಾ ಸಿಗುತ್ತದೆ: ಮೂವತ್ತು ದಿನಕ್ಕೆ 5,00,000 ರುಪಯ್ಯ. ಸೊನ್ನೆ ನೋಡಿ ಗಾಬರಿ ಬೇಡ, ನಮ್ಮ ಲೆಕ್ಕಕ್ಕೆ ಮೂರು ಸಾವಿರದೊಳಗೆ. 2024ರ ಫೆಬ್ರುವರಿಯಿಂದ ಬಾಲಿಗೆ ಹೋಗುವ ವಿದೇಶಿಯರು 1,50,000 ರುಪಯ್ಯ ಪ್ರವಾಸಿ ಶುಲ್ಕವನ್ನೂ ಕಟ್ಟಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯಸ್ಸಿರಬೇಕು.

ಇನ್ನು ಕಾದಿರಿಸುವ ಕ್ರಮ. ಮೊದಲು ವಿಮಾನ: ಹೋಗುವಾಗ ಬೆಂಗಳೂರಿನಿಂದ ಕ್ವಾಲಾಲಂಪುರ ಮಾರ್ಗವಾಗಿ ಯೋಗ್ಯಕರ್ತಾ, ಬರುವಾಗ ಡೆನ್‌ಪಸಾರ್‌ನಿಂದ ನೇರ ಬೆಂಗಳೂರು, ಇಂಡಿಗೊ 2024ರಲ್ಲಿ ಶುರುಮಾಡಿದ ಹಾದಿ. ನಂತರ ಬೊರೊಬುದುರ್ ಹತ್ತುವ ಟಿಕೆಟ್. ಜಾವಾದ ರೈಲಿಗೆ ಸಾಮಾನ್ಯವಾಗಿ 45 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ಅಲ್ಲಿ ಅವಸರವಿಲ್ಲ. ಅವಸರ ಬೇಕಾದದ್ದು ಬಳ್ಳಾರಿಯಿಂದ ಬೆಂಗಳೂರಿಗೆ ಒಯ್ಯುವ ಹಂಪಿ ಎಕ್ಸ್‌ಪ್ರೆಸ್‌ಗೆ: 60 ದಿನ ಮುಂಚೆ ಕಿಟಕಿ ತೆರೆದ ಬೆಳಿಗ್ಗೆಯೇ ಕೈಹಾಕಬೇಕು. ಮೇ ತಿಂಗಳಲ್ಲಿ ಇಡೀ ಯೋಜನೆಯ ಅತಿ ಕಷ್ಟದ ಟಿಕೆಟ್ ಅದೇ.