ಅಂಗಿಯ ಬೆನ್ನಿನಿಂದ ಒಂದು ರವಕೆ

ಗಂಡಸರ ಹತ್ತಿಯ ಅಂಗಿ ಮೊದಲು ಸವೆಯುವುದು ಕುತ್ತಿಗೆಯಲ್ಲಿ. ಗಡ್ಡದ ತರಿ, ಮಂಗಳೂರಿನ ಬೆವರು ಎರಡೂ ಸೇರಿ ಕಾಲರಿನ ಮಡಿಕೆಯನ್ನು ನೂಲುನೂಲಾಗಿಸುತ್ತವೆ. ಆಮೇಲೆ ಕೈಪಟ್ಟಿಯ ಅಂಚು, ಆಮೇಲೆ ಮೊಣಕೈ. ಅಲ್ಲಿಗೆ ಅಂಗಿ ಹಳತಾಯಿತೆಂದು ಮನೆಯವರು ತೀರ್ಮಾನಿಸಿ ನೆಲ ಒರೆಸಲು ಹಾಕುತ್ತಾರೆ. ಅದಕ್ಕೆ ಮೊದಲು ಆ ಅಂಗಿಯ ಬೆನ್ನನ್ನೊಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಅದು ಎಲ್ಲೂ ತೆಳುವಾಗಿರುವುದಿಲ್ಲ. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ. ನನ್ನ ಮಟ್ಟಿಗೆ ರವಕೆಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಯಾವ ಅಂಗಡಿಯ ಕಪಾಟಿನಲ್ಲೂ ಇಲ್ಲ.

ಇದು ಬರೀ ಅಕ್ಕರೆಯ ಮಾತಲ್ಲ. ಮಗ್ಗಕ್ಕೇರುವ ಮುನ್ನ ಹಾಸುನೂಲಿಗೆ ಗಂಜಿ ಹಿಡಿಸುತ್ತಾರೆ, ನೇಯ್ದಾದ ಮೇಲೆ ಅಂಗಡಿಯ ಹೊಳಪಿಗಾಗಿ ಇನ್ನಷ್ಟು ಲೇಪ ಕೊಡುತ್ತಾರೆ. ಹೊಸ ಪಾಪ್ಲಿನ್ನಿನ ಬಿರುಸು ಬಹುಪಾಲು ಅದರದ್ದೇ. ವರ್ಷಗಟ್ಟಲೆ ಒಗೆತಕ್ಕೆ ಲೇಪ ಹೋಗುತ್ತದೆ, ಮೇಲೆದ್ದ ಎಳೆಗಳು ಉದುರುತ್ತವೆ, ಹಾಸು ಹೊಕ್ಕು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಕುಗ್ಗಬೇಕಾದದ್ದೆಲ್ಲ ಕುಗ್ಗಿಯಾಗಿರುವುದರಿಂದ ಇಂದು ಸರಿಹೋದ ರವಕೆ ಮೂರನೇ ಒಗೆತಕ್ಕೆ ಬಿಗಿಯಾಗುವ ಭಯವಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಮಳೆ ನಿಂತರೆ ಸೆಖೆ ಶುರುವಾಗುವ ಊರಿದು. ಆಷಾಢದಲ್ಲಿ ಜಗಲಿಯ ಹಗ್ಗದ ಮೇಲೆ ಬೇಗ ಒಣಗುವುದು, ಮೇ ತಿಂಗಳಲ್ಲಿ ಬೆನ್ನಿನ ಬೆವರು ಹೀರುವುದು ಇಂಥ ಬಟ್ಟೆಯೇ.

ಕೆಲಸದ ಮೊದಲ ಸುಖ ಹೊಲಿಗೆ ಬಿಚ್ಚುವುದರಲ್ಲಿದೆ. ಕತ್ತರಿಯಿಂದ ಸರಸರ ಕೊಯ್ಯಬಾರದು. ಬ್ಲೇಡಿನ ತುದಿಯಿಂದ ನಾಲ್ಕೈದು ಹೊಲಿಗೆಗೊಂದರಂತೆ ನೂಲು ಕಡಿದು ಮೆಲ್ಲನೆ ಎಳೆಯಬೇಕು. ಒಳ್ಳೆಯ ಅಂಗಿಯಾದರೆ ಪಕ್ಕದ ಹೊಲಿಗೆಯನ್ನು ಮಡಚಿ ಎರಡು ಸಲ ಹೊಲಿದಿರುತ್ತಾರೆ, ಭುಜದ ಪಟ್ಟಿ ಇಮ್ಮಡಿ ಬಟ್ಟೆಯದಾಗಿರುತ್ತದೆ. ಬಿಚ್ಚುತ್ತಾ ಹೋದಂತೆ ಹೊಲಿದವನ ಕೈ ತಿಳಿಯುತ್ತದೆ. ಕಿಸೆ ಬಿಚ್ಚುವ ಹೊತ್ತಂತೂ ನನಗೆ ಬಹಳ ಪ್ರಿಯ. ಅದರ ಅಡಿಯಲ್ಲಿ ಬಿಸಿಲೇ ಕಾಣದ ಒಂದು ಚೌಕ ಅಂಗಿ ಕೊಂಡ ದಿನದ ಬಣ್ಣದಲ್ಲೇ ಉಳಿದಿರುತ್ತದೆ. ಸುತ್ತಲಿನ ಮಾಸಲು ನೀಲಿಯ ಪಕ್ಕದಲ್ಲಿ ಅದನ್ನು ಕಂಡಾಗ ಬಿಸಿಲು ಅಷ್ಟು ವರ್ಷ ಎಷ್ಟು ನಯವಾಗಿ ಬಣ್ಣ ಅರೆದಿದೆ ಎಂದು ತಿಳಿಯುತ್ತದೆ. ಆ ಚೌಕವನ್ನು ಮುಚ್ಚಿಡಬೇಕೆಂದಿಲ್ಲ. ತೋಳಿನ ಅಂಚಿಗೆ ಅದರದ್ದೇ ಒಂದು ಸಪೂರ ಪಟ್ಟಿ ಕೊಟ್ಟರೆ ಒಂದೇ ಬಟ್ಟೆಯ ಎರಡು ಪ್ರಾಯಗಳು ಜೊತೆಯಲ್ಲಿ ನಿಲ್ಲುತ್ತವೆ.

ಈಗ ಲೆಕ್ಕ. ಎದೆಯಳತೆ 40 ಇಂಚಿನ ಗಂಡಸಿನ ಅಂಗಿಯ ಬೆನ್ನು ಸುಮಾರು 22 ಇಂಚು ಅಗಲ. ಭುಜದ ಪಟ್ಟಿಯಿಂದ ಕೆಳಗೆ 25 ಇಂಚಿನಷ್ಟು ಉದ್ದ. 36ರ ರವಕೆಯ ಬೆನ್ನಿಗೆ ಹೊಲಿಗೆಯ ಮಾರ್ಜಿನ್ ಸೇರಿ 21 ಇಂಚು ಅಗಲ, 15 ಇಂಚು ಉದ್ದ ಸಾಕು. ಉಳಿದ ಹತ್ತು ಇಂಚಿನಲ್ಲಿ ಎದೆಯ ಕೆಳಗಿನ ಬೆಲ್ಟು ಹೊರಡುತ್ತದೆ. ಅಂಗಿಯ ತೋಳಿನಲ್ಲಿ ಸವೆದದ್ದು ಮೊಣಕೈ ಮಾತ್ರ. ಅದರ ಮೇಲಿನ ಭಾಗದಲ್ಲಿ ರವಕೆಯ ಗಿಡ್ಡ ತೋಳು ಸಲೀಸಾಗಿ ಬರುತ್ತದೆ. ಆದರೆ ಎದೆಯ ಭಾಗಕ್ಕೆ ಎರಡನೆಯ ಅಂಗಿ ಬೇಕು. ಕ್ರಾಸ್ ಕಟ್ ರವಕೆಯ ಮುಂಭಾಗವನ್ನು ನೂಲಿಗೆ ಓರೆಯಾಗಿ ಕತ್ತರಿಸಬೇಕು. ನೇಯ್ದ ಬಟ್ಟೆ ಹೆಚ್ಚು ಹಿಗ್ಗುವುದು 45 ಡಿಗ್ರಿಯ ಓರೆಯಲ್ಲಿ, ಮೈಯ ತಿರುವಿಗೆ ಒಗ್ಗುವುದೂ ಆಗಲೇ. ಅಂಗಿಯ ಮುಂಭಾಗದ ಇಕ್ಕಟ್ಟಿನ ಹೋಳುಗಳಲ್ಲಿ ಅಷ್ಟು ಓರೆ ಸಿಗದು. ಎರಡನೆಯ ಅಂಗಿಯ ವಿಶಾಲ ಬೆನ್ನಿನಲ್ಲಿ ಸಿಗುತ್ತದೆ.

ಅಂಗಿ ಗೆರೆಯದ್ದಾದರೆ ಇಲ್ಲಿ ಹಬ್ಬ. ಆಫೀಸಿನ ಅಂಗಿಯಲ್ಲಿ ಶಿಸ್ತಾಗಿ ನೆಟ್ಟಗೆ ನಿಂತಿದ್ದ ನೀಲಿ ಗೆರೆಗಳು ಎದೆಯ ಮೇಲೆ ಓರೆಯಾಗಿ ಇಳಿದು ನಡುವೆ ಬಾಣದ ಮೊನೆಯಂತೆ ಕೂಡುತ್ತವೆ. ಬೆಲ್ಟಿನಲ್ಲಿ ಅಡ್ಡ ಮಲಗುತ್ತವೆ, ಬೆನ್ನಿನಲ್ಲಿ ಮತ್ತೆ ನೆಟ್ಟಗಾಗುತ್ತವೆ. ಎಡಬಲದ ಗೆರೆಗಳನ್ನು ಒಂದಕ್ಕೊಂದು ಕೂಡಿಸಿ ಗುಂಡುಸೂಜಿ ಚುಚ್ಚುವಾಗಿನ ಏಕಾಗ್ರತೆ ಬೇರೆ ಯಾವ ಕೆಲಸದಲ್ಲೂ ನನಗೆ ಒದಗಿಲ್ಲ.

ಗುಂಡಿಪಟ್ಟಿಯನ್ನೂ ಬಿಡಬಾರದು. ಗಂಡಸರ ಅಂಗಿಯಲ್ಲಿ ಎಡಭಾಗ ಮೇಲೆ ಬರುತ್ತದೆ, ರವಕೆಯಲ್ಲಿ ಬಲಭಾಗ. ಕಾಜಾ ಇರುವ ಪಟ್ಟಿಯನ್ನು ಬಿಡಿಸಿ ತಲೆಕೆಳಗು ಮಾಡಿ ಬಲಕ್ಕೆ ಜೋಡಿಸಿದರೆ ಎಲ್ಲವೂ ಸರಿ. ನೇರ ನೂಲಿನ ಆ ಪಟ್ಟಿ ಓರೆ ಬಟ್ಟೆ ಜೋಲದಂತೆ ಹಿಡಿದಿಡುತ್ತದೆ. ಅಂಗಿಯ ಗುಂಡಿಗಳ ನಡುವಿನ ಅಂತರ ರವಕೆಗೆ ದೂರವಾದ್ದರಿಂದ ನಡುನಡುವೆ ಒಳಗಡೆ ಒಂದೊಂದು ಹುಕ್ಕು ಇಡಬೇಕು. ಮೆತ್ತಗಾದ ಬಟ್ಟೆಗೆ ಮೆಶಿನಿನಲ್ಲಿ 11ನೇ ನಂಬರಿನ ಸಪೂರ ಸೂಜಿ ಸಾಕು, ದಪ್ಪ ಸೂಜಿ ತೂತು ಉಳಿಸುತ್ತದೆ. ಲೈನಿಂಗಿಗೆ ಹಳೆಯ ಪಂಚೆಯೇ ಲೇಸು.

ಈ ಊರಿಗೆ ಬಟ್ಟೆಯ ನಂಟು ಹಳೆಯದು. ಅಮೆರಿಕದಲ್ಲಿ ಐಸಾಕ್ ಸಿಂಗರ್ ತನ್ನ ಹೊಲಿಗೆಯಂತ್ರಕ್ಕೆ ಪೇಟೆಂಟ್ ಪಡೆದ 1851ರಲ್ಲೇ ಜಾನ್ ಹಾಲರ್ ಎಂಬ ನೇಕಾರ ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿನಲ್ಲಿ ಹೊಸ ಬಗೆಯ ಮಗ್ಗಗಳನ್ನು ಹೂಡಿದ್ದ. ಬಲ್ಮಠದ ಆ ನೇಯ್ಗೆ ಕಾರ್ಖಾನೆಯ ಖಾಕಿ ಬಟ್ಟೆ ಹೆಸರುವಾಸಿಯಾಯಿತು. ಇತ್ತ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಂಘದ ಮಗ್ಗಗಳಲ್ಲಿ ಉಡುಪಿ ಸೀರೆ ಇಂದಿಗೂ ಇಳಿಯುತ್ತಿದೆ. 2016ರಲ್ಲಿ ಅದಕ್ಕೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಅಂಗಿಯಿಂದ ಹೊಲಿದ ರವಕೆಗೆ ಜೊತೆಯಾಗಬೇಕಾದ್ದು ಈ ಸೀರೆಯೇ. ಒಂದೇ ಬಣ್ಣದ ಮೈ, ಬೇರೆ ಬಣ್ಣದ ಅಂಚು, ಮೇಲೆ ನೀಲಿ ಗೆರೆಯ ರವಕೆ. ಹತ್ತಿಯ ಪಕ್ಕ ಹತ್ತಿ ನಿಂತಾಗ ಎರಡರಲ್ಲಿ ಯಾವುದೂ ಮೆರೆಯಲು ಹೋಗುವುದಿಲ್ಲ.

ಹೀಗೆ ಹೊಲಿಯುವುದನ್ನು ಉಳಿತಾಯವೆಂದು ಹೊಗಳುವವರಿದ್ದಾರೆ. ಉಳಿತಾಯ ನಿಜ. ಆದರೆ ನನ್ನನ್ನು ಹೊಲಿಗೆಯ ಮುಂದೆ ಕೂರಿಸುವುದು ಬಟ್ಟೆಯ ಮೇಲಿನ ಗೌರವ. ಹತ್ತಿ ಬೆಳೆದವರು, ನೂತವರು, ನೇಯ್ದವರು, ಅಷ್ಟು ವರ್ಷ ಒಗೆದು ಒಣಹಾಕಿದವರು ಎಲ್ಲರ ದುಡಿಮೆ ಸೇರಿ ಬಟ್ಟೆ ಹದಕ್ಕೆ ಬರುವ ಹೊತ್ತಿಗೇ ಕಾಲರು ಹರಿಯುತ್ತದೆ. ಎರಡಿಂಚಿನ ಕಾಲರಿನ ತಪ್ಪಿಗೆ ಇಡೀ ಅಂಗಿಗೆ ಶಿಕ್ಷೆ ಕೊಡುವುದು ನ್ಯಾಯವಲ್ಲ. ಆ ಬೆನ್ನಿಗೆ ಇನ್ನೂ ಬಹಳ ವರ್ಷದ ಆಯುಸ್ಸಿದೆ.